ಕಿಟಕಿಯಲ್ಲಿಟ್ಟು ಹೋದ ಎಳ್ಳು

ಕೆಮ್ಮು ಶುರುವಾದದ್ದು ಯುಗಾದಿಯ ಹೊತ್ತಿಗೆ. ನಾನು ಅದನ್ನು ಕಾಯಿಲೆ ಎಂದು ಎಣಿಸಲೇ ಇಲ್ಲ. ಸಿಗರೇಟಿನ ಕೆಮ್ಮು ಎಂದುಕೊಂಡೆ. ಔಷಧದ ಬದಲು ಬೈಗುಳ ಕೊಟ್ಟೆ.

ನಮ್ಮ ಯಜಮಾನರು ಹೊಸೂರು ರಸ್ತೆಯ ಕಡೆಯ ಒಂದು ಕಾರ್ಖಾನೆಯಲ್ಲಿ ಟೂಲ್ ರೂಮ್ ಸೂಪರ್‌ವೈಸರ್ ಆಗಿದ್ದರು. ಜಯನಗರದ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಇವರು ಅರ್ಧ ಫರ್ಲಾಂಗ್ ದೂರ ಇರುವಾಗಲೇ ಆ ಕೆಮ್ಮು ಕೇಳಿಸುತ್ತಿತ್ತು, ನಾನು ಎದ್ದು ಕಾಫಿಗೆ ನೀರಿಡುತ್ತಿದ್ದೆ. ಅಷ್ಟು ಒಗ್ಗಿಹೋಗಿತ್ತು ನನಗೆ.

ಅದೇ ವರ್ಷ ಕಾರ್ಖಾನೆಗೆ ಹೊಸ ಗ್ರೈಂಡಿಂಗ್ ಮೆಷಿನ್ ಬಂದಿತ್ತು. ಅದನ್ನು ಕೂರಿಸಿ ನಮ್ಮವರಿಗೆ ಕಲಿಸಿಕೊಡಲು ಇಂಗ್ಲೆಂಡಿನಿಂದ ಬ್ರೂಕ್ಸ್ ಎನ್ನುವವರು ಬಂದಿದ್ದರು. ವಯಸ್ಸಿನಲ್ಲಿ ಇವರ ಓರಗೆ. ಇಬ್ಬರಿಗೂ ಒಂದೇ ಮೇಜು, ಮೇಜಿನ ಮೇಲೆ ಒಂದೇ ಸಿಗರೇಟಿನ ಟಿನ್ನು. ಒಂದು ತಿಂಗಳು ಇವರು ತಂದರೆ ಇನ್ನೊಂದು ತಿಂಗಳು ಅವರು. ಬ್ರೂಕ್ಸ್ ಕೂಡ ಕೆಮ್ಮುತ್ತಿದ್ದರಂತೆ.

"ಟೂಲ್ ರೂಮಲ್ಲಿ ಈಗ ಮೆಷಿನ್ ಸದ್ದಿಗಿಂತ ನಮ್ಮಿಬ್ಬರ ಕೆಮ್ಮೇ ಜೋರು ಕಣೇ" ಎಂದು ಇವರು ನಗುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಬ್ರೂಕ್ಸ್ ರಜೆಯ ಮೇಲೆ ತಮ್ಮ ಊರಿಗೆ ಹೋದರು. ಅವರು ಹೋದ ಮೇಲೆ ಒಂದು ದಿನ ಬೆಳಿಗ್ಗೆ, ಒಗೆಯುವ ಕಲ್ಲಿನ ಮೇಲೆ ಇವರ ಕರ್ಚೀಫು ಬಿಡಿಸಿದೆ.

ರಕ್ತ.

ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಾಯಲ್ಲಿ ಸಿಗರೇಟಿತ್ತು, ಅದರ ಬೂದಿ ಎಕ್ಸ್‌ರೇ ಮೇಲೆ ಬೀಳುತ್ತದೇನೋ ಎಂದು ನಾನು ಅದನ್ನೇ ನೋಡುತ್ತಿದ್ದೆ.

"ಶ್ಯಾಡೋ ಇದೆ. ಟಿಬಿ. ಹೆದರ್ಕೋಬೇಡಿ ಕಣಮ್ಮ, ಈಗೆಲ್ಲ ಒಳ್ಳೊಳ್ಳೆ ಔಷಧಿ ಬಂದಿದೆ" ಎಂದರು.

ಹೆದರಿದ್ದೆ, ನಿಜ. ಆದರೆ ಒಳಗೊಳಗೇ ಸಮಾಧಾನವೂ ಆಯಿತು. ನನ್ನ ಚಿಕ್ಕಪ್ಪ ಅದೇ ಕಾಯಿಲೆಯಲ್ಲಿ ಹೋದಾಗ ಔಷಧ ಇರಲಿಲ್ಲ, ಈಗ ಇದೆ. ಇಂಜೆಕ್ಷನ್ ಚುಚ್ಚಿಸಿಕೊಂಡು, ಹಾಲು ಮೊಟ್ಟೆ ತಿಂದು ಮಲಗಿದ್ದರೆ ವರ್ಷದೊಳಗೆ ಎದ್ದು ಓಡಾಡುತ್ತಾರೆ ಎಂದರು. ನಮ್ಮ ಮನೆಯಲ್ಲಿ ಮೊಟ್ಟೆ! ಹಿತ್ತಲಿನಲ್ಲಿ ಬೇರೆ ಸೀಮೆಎಣ್ಣೆ ಸ್ಟೌ ಇಟ್ಟು, ಮೂಗು ಮುಚ್ಚಿಕೊಂಡು ಬೇಯಿಸಿ ಕೊಟ್ಟೆ. ಇವರು ಉಪ್ಪು ಮೆಣಸು ಹಾಕಿಕೊಂಡು ಚಪ್ಪರಿಸಿದರು.

"ಅಭ್ಯಾಸ ಇರೋ ಹಾಗಿದೆಯಲ್ಲ" ಎಂದೆ.

"ಇನ್ಮೇಲೆ ಕ್ಯಾಂಟೀನಲ್ಲಿ ಕದ್ದು ತಿನ್ನೋದು ತಪ್ಪಿತು ಬಿಡು" ಎಂದರು.

ನಿಯಮಗಳು ಬಂದವು. ಬೇರೆ ಕೋಣೆ, ಬೇರೆ ಹಾಸಿಗೆ. ಬೇರೆ ತಟ್ಟೆ, ಬೇರೆ ಲೋಟ. ನೀಲಿ ಅಂಚಿನ ಎನಾಮಲ್ ತಟ್ಟೆಯೊಂದನ್ನು ತಂದೆವು. ಅದನ್ನು ಹಿತ್ತಲಲ್ಲೇ ತೊಳೆದು, ಕುದಿಯುವ ನೀರು ಹುಯ್ದು, ಬಿಸಿಲಿಗಿಟ್ಟು, ಅಲ್ಲಿಂದಲೇ ಮತ್ತೆ ಇವರ ಕೋಣೆಗೆ ಒಯ್ಯುತ್ತಿದ್ದೆ. ಅಡುಗೆಮನೆಯ ಹೊಸಿಲನ್ನು ಅದು ಒಮ್ಮೆಯೂ ದಾಟಲಿಲ್ಲ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ ಕತ್ತು ನೀಡಿ "ಹೇಗಿದ್ದಾರೆ?" ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ ಒಳಗೆ ಹೋಗುತ್ತಿದ್ದರು. ಟಿಬಿ ನನ್ನ ಉತ್ತರದ ಮೇಲೆ ಕೂತು ಅವರ ಮನೆಗೆ ಹೋಗಿಬಿಡುತ್ತದೆ ಎಂಬ ಭಯವಿರಬೇಕು.

ಎಲ್ಲಕ್ಕಿಂತ ಕಷ್ಟದ ನಿಯಮ ಪುಟ್ಟಿಯದು. ನಮಗೆ ಅವಳೊಬ್ಬಳೇ ಮಗಳು, ಏಳು ವರ್ಷ. ಮಗುವನ್ನು ಹತ್ತಿರ ಸೇರಿಸಲೇಬಾರದು ಎಂದು ಡಾಕ್ಟರು ಹೇಳಿದ್ದರು. ಬಸವನಗುಡಿಯಲ್ಲಿ ನನ್ನ ತಾಯಿ ಮತ್ತು ತಮ್ಮ ಶಾಮ ಇದ್ದಾರೆ. ಅಲ್ಲಿಗೆ ಕಳಿಸಿದೆವು. ಭಾನುವಾರ ಶಾಮ ಅವಳನ್ನು ಕರೆದುಕೊಂಡು ಬರುತ್ತಿದ್ದ. ಅವಳು ಗೇಟಿನ ಹತ್ತಿರ ನಿಲ್ಲಬೇಕು, ಇವರು ವರಾಂಡದಲ್ಲಿ ಕೂರಬೇಕು. ಅಲ್ಲಿಂದಲೇ ಮಗ್ಗಿ ಒಪ್ಪಿಸುತ್ತಿದ್ದಳು. ಅಪ್ಪನನ್ನು ಮುಟ್ಟಬಾರದು, ಮುಟ್ಟಿದರೆ ಅಪ್ಪನಿಗೇ ಕಾಯಿಲೆ ಜಾಸ್ತಿಯಾಗುತ್ತದೆ ಎಂದು ನನ್ನ ತಾಯಿ ಅವಳಿಗೆ ಹೇಳಿಟ್ಟಿದ್ದರು. ಮಕ್ಕಳು ತಮಗೆ ಬರುವ ಕಾಯಿಲೆಗೆ ಹೆದರುವುದಿಲ್ಲವಲ್ಲ, ಹಾಗೆ ಹೇಳಿದರೆ ಮಾತು ಕೇಳುತ್ತಾಳೆ ಎಂದು.

ಮಳೆಗಾಲ ಕಳೆಯಿತು. ಇಂಜೆಕ್ಷನ್ ಚುಚ್ಚಿ ಚುಚ್ಚಿ ಸೊಂಟ ಕಲ್ಲಾಯಿತು. ತೂಕ ಮಾತ್ರ ಏರಲಿಲ್ಲ. ಪ್ರತಿ ಸಲ ಕಫ ಪರೀಕ್ಷೆ ಮಾಡಿಸಿದಾಗಲೂ ಅದರಲ್ಲಿ ಕ್ರಿಮಿ ಸಿಗಲಿಲ್ಲ.

"ಸಿಗ್ದೇ ಇದ್ರೂ ಇರುತ್ತಮ್ಮ" ಎಂದರು ಡಾಕ್ಟರು.

ನಂಬಿದೆವು. ಅವರು ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಅವರ ಬಾಗಿಲ ಮುಂದಿನ ಸಾಲು ನಾನು ಕಣ್ಣಾರೆ ನೋಡಿದ್ದೇನೆ. ಊಟಕ್ಕೂ ಏಳದೆ ಎದೆ ಪರೀಕ್ಷೆ ಮಾಡುತ್ತಿದ್ದರು. ಆ ಸಾಲಿನಲ್ಲಿ ಕೆಮ್ಮುತ್ತಿದ್ದವರೆಲ್ಲ ಟಿಬಿಯವರೇ. ಇವರೂ ಅದರಲ್ಲೊಬ್ಬರಾದರು.

ದಸರೆಯ ಹೊತ್ತಿಗೆ ಇವರ ಧ್ವನಿ ಒಡೆಯಿತು. ಕತ್ತಿನ ಬುಡದಲ್ಲಿ, ಎಲುಬಿನ ಮೇಲೆ, ಹುಣಿಸೆಬೀಜದಷ್ಟು ಗಂಟು ಕಾಣಿಸಿತು. ಶಾಮ ಪಟ್ಟು ಹಿಡಿದು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿದ್ದದ್ದು ವಿಲಾಯಿತಿಯಲ್ಲಿ ಓದಿ ಆಗತಾನೇ ವಾಪಸ್ಸು ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರು. ಅವರು ಎಕ್ಸ್‌ರೇ ನೋಡುವುದಕ್ಕೆ ಮೊದಲೇ ಆ ಗಂಟಿನ ಮೇಲೆ ಬೆರಳಿಟ್ಟರು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. ಗಂಟಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು.

ದೀಪಾವಳಿಯಾದ ಮೇಲೆ ನನ್ನನ್ನೂ ಶಾಮನನ್ನೂ ಮಾತ್ರ ಕರೆದರು.

"ಇದು ಟಿಬಿ ಅಲ್ಲಮ್ಮ. ಕ್ಯಾನ್ಸರ್. ಶ್ವಾಸಕೋಶದ್ದು."

ನನಗೆ ಆ ಮಾತು ಗೊತ್ತಿತ್ತು, ಆದರೆ ಅದು ಹೆಂಗಸರಿಗೆ ಬರುವ ಕಾಯಿಲೆ ಎಂದುಕೊಂಡಿದ್ದೆ. ಗಂಡಸಿನ ಎದೆಯೊಳಗೂ ಬರುತ್ತದೆ ಎಂದು ತಿಳಿದದ್ದೇ ಅವತ್ತು.

"ಆಪರೇಷನ್ ಮಾಡಕ್ಕಾಗಲ್ವಾ ಸಾರ್?" ಎಂದ ಶಾಮ.

"ಕತ್ತಿಗೆ ಬಂದ್ಬಿಟ್ಟಿದೆ. ಈಗ ಆಗಲ್ಲ."

"ಮೊದಲೇ ಗೊತ್ತಾಗಿದ್ರೆ?"

"ಆಗ್ತಿತ್ತೇನೋ. ವಿಲಾಯಿತೀಲಿ ಈ ವಯಸ್ಸಿನ, ಸಿಗರೇಟು ಸೇದೋ ಗಂಡಸಿನ ಎಕ್ಸ್‌ರೇಲಿ ಇಂಥ ಶ್ಯಾಡೋ ಕಂಡ್ರೆ ಮೊದಲು ಕ್ಯಾನ್ಸರೇ ಇರ್ಬೇಕು ಅಂತ ಹುಡುಕ್ತಾರೆ. ಗಂಟಲಲ್ಲಿ ಟ್ಯೂಬ್ ಇಳಿಸಿ ನೋಡ್ತಾರೆ. ಇಲ್ಲಿ ಎಲ್ಲರಿಗೂ ಟಿಬಿನೇ ಇರೋದ್ರಿಂದ ಟಿಬಿನೇ ಕಾಣ್ಸುತ್ತೆ. ಆ ಜಾಗದಲ್ಲಿ ನಾನಿದ್ದಿದ್ರೂ ಟಿಬಿ ಅಂತಲೇ ಬರೀತಿದ್ದೆನೋ ಏನೋ."

ಮದರಾಸಿನಲ್ಲಿ ಕ್ಯಾನ್ಸರಿಗೆ ಕಿರಣ ಕೊಡುವ ಕೋಬಾಲ್ಟ್ ಎಂಬ ಮೆಷಿನ್ ಬಂದಿದೆ, ನಾಲ್ಕು ರಾಜ್ಯದವರು ಅಲ್ಲಿ ಕಾದು ಕೂತಿರುತ್ತಾರೆ ಎಂದರು. ಆದರೆ ಇವರನ್ನು ರೈಲಿನಲ್ಲಿ ಕೂರಿಸುವ ಸ್ಥಿತಿ ಇರಲಿಲ್ಲ. ನೋವು ಕಡಿಮೆಯಾಗಲು ಇಲ್ಲೇ ಸ್ವಲ್ಪ ಕಿರಣ, ಆಸ್ಪತ್ರೆಯವರ ಮಾತಿನಲ್ಲಿ ಲೈಟ್, ಕೊಡೋಣ ಎಂದರು. ನಮ್ಮ ಪಾಲಿನ ಚಿಕಿತ್ಸೆ ಅಷ್ಟೇ.

ಹೊರಗೆ ಬಂದಾಗ ಶಾಮ ಹೇಳಿದ: "ಅಕ್ಕ, ಭಾವಂಗೆ ಹೇಳೋದು ಬೇಡ. ಟಿಬಿ ಅಂತಾನೇ ಇರ್ಲಿ. ಕ್ಯಾನ್ಸರ್ ಅಂದ್ರೆ ಅವತ್ತೇ ಕುಸಿದ್ ಹೋಗ್ತಾರೆ."

ಡಾಕ್ಟರೂ ಹಾಗೇ ಅಂದರು. ನನ್ನ ತಾಯಿಯೂ ಹಾಗೇ ಅಂದರು. ನನಗೂ ಅದು ಸರಿ ಎಂದೇ ಕಂಡಿತು. ನಮ್ಮ ಕಡೆ ಯಾರು ತಾನೇ ಹೇಳುತ್ತಾರೆ? ಕೊಡುವುದಕ್ಕೆ ಔಷಧ ಇಲ್ಲದಾಗ ನಾವು ಧೈರ್ಯ ಕೊಡುತ್ತೇವೆ, ಧೈರ್ಯವೂ ಇಲ್ಲದಾಗ ಸುಳ್ಳು ಕೊಡುತ್ತೇವೆ. ಲೈಟನ್ನು ಟಿಬಿಯ ಗಂಟಿಗೆ ಎಂದು ಹೇಳಿದೆವು. ಇವರು ನಂಬಿದರು.

ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ತಟ್ಟೆ ತೆಗೆದುಕೊಳ್ಳುವಾಗ ನನಗೆ ಹೊಳೆಯಿತು. ಟಿಬಿ ಎಂದೇ ಇರಬೇಕಾದರೆ ಈ ತಟ್ಟೆಯೂ ಇರಬೇಕು.

ಕ್ಯಾನ್ಸರ್ ಅಂಟುವುದಿಲ್ಲ. ಡಾಕ್ಟರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಇವರ ಎಂಜಲು ನಾನು ತಿಂದರೂ ಏನೂ ಆಗುವುದಿಲ್ಲ. ಪುಟ್ಟಿ ಇವರ ತೊಡೆಯ ಮೇಲೆ ಕೂರಬಹುದು. ಆದರೆ ಇವರ ತಟ್ಟೆ ಅಡುಗೆಮನೆಗೆ ಬಂದರೆ, ಮಗಳು ಬಸವನಗುಡಿಯಿಂದ ಬಂದರೆ, ಇವರು ಯಾಕೆ ಎಂದು ಕೇಳುತ್ತಾರೆ. ವಾಸಿಯಾಗುತ್ತಿದೆ ಎಂದು ಹೇಳಬಹುದಿತ್ತಲ್ಲ? ಹೇಳಬಹುದಿತ್ತು. ಆದರೆ ದಿನದಿಂದ ದಿನಕ್ಕೆ ಕರಗುತ್ತಿದ್ದ ಮನುಷ್ಯನ ಎದುರು ನಿಂತು ಆ ಮಾತು ಆಡಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ಇಲ್ಲದ ಟಿಬಿಗೆ ನಡೆದುಕೊಳ್ಳುವ ಹಾಗೆಯೇ ನಡೆದುಕೊಂಡೆ. ತಟ್ಟೆಗೆ ಕುದಿನೀರು ಹುಯ್ದೆ. ಬಿಸಿಲಿಗಿಟ್ಟೆ. ಪುಟ್ಟಿಯನ್ನು ಗೇಟಿನಲ್ಲೇ ನಿಲ್ಲಿಸಿದೆ.

ಸಂಕ್ರಾಂತಿ ಬಂತು. ಪುಟ್ಟಿ ಹೊಸ ಲಂಗ ಉಟ್ಟು, ಮಲ್ಲಿಗೆ ಮೊಗ್ಗಿನ ಜಡೆ ಹಾಕಿಸಿಕೊಂಡು, ಬಸವನಗುಡಿಯ ಮನೆಗಳಿಗೆಲ್ಲ ಎಳ್ಳು ಬೀರಿ, ಕೊನೆಗೆ ನಮ್ಮ ಮನೆಗೆ ಬಂದಳು. ತನ್ನ ಮನೆಗೆ ತಾನೇ ಎಳ್ಳು ಬೀರಲು ಬಂದ ಹಾಗಾಯಿತು. ನನ್ನ ಕೈಗೆ ಎಳ್ಳು ಕೊಟ್ಟು ನಮಸ್ಕಾರ ಮಾಡಿದಳು. ಇವರು ಕೋಣೆಯಲ್ಲಿ ಹಾಸಿಗೆಯ ಮೇಲೆ ಎದ್ದು ಕೂತಿದ್ದರು.

ಅವಳಿಗೆ ಯಾರೂ ಹೇಳಿಕೊಡಲಿಲ್ಲ. ತಾನಾಗಿಯೇ ಹೊರಗಿನಿಂದ ಸುತ್ತಿ ಬಂದು, ಇವರ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಎಳ್ಳಿನ ಪೊಟ್ಟಣ, ಒಂದು ಸಕ್ಕರೆ ಅಚ್ಚು, ಒಂದು ಕಬ್ಬಿನ ತುಂಡು ಇಟ್ಟಳು. ಆಮೇಲೆ ಹಿಂದಕ್ಕೆ ಸರಿದು ನುಗ್ಗೆಮರದ ಹತ್ತಿರ ನಿಂತಳು. ಇವರು ಎದ್ದು ಬಂದು ಸರಳಿನ ಸಂದಿಯಿಂದ ಕೈ ಹಾಕಿ ತೆಗೆದುಕೊಂಡರು.

"ಅಚ್ಚು ಯಾವುದು ಪುಟ್ಟೀ? ಗಿಣಿನಾ?" ಎಂದು ಒಡೆದ ಧ್ವನಿಯಲ್ಲಿ ಕೇಳಿದರು.

"ಆನೆ ಅಪ್ಪ. ಸೊಂಡ್ಲು ದಾರೀಲಿ ಮುರಿದುಹೋಯ್ತು."

ನಾನು ನೋಡುತ್ತಾ ನಿಂತಿದ್ದೆ. ನನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಆ ಮಗು ಒಳಗೆ ಓಡಿಬರುತ್ತಿತ್ತು. ಹೇಳಲಿಲ್ಲ.

ಹಬ್ಬ ಕಳೆದು ನಾಲ್ಕೈದು ದಿನಕ್ಕೆ ಕಾರ್ಖಾನೆಯ ಕಾರು ಗೇಟಿನ ಮುಂದೆ ನಿಂತಿತು. ಬ್ರೂಕ್ಸ್ ಇಳಿದರು. ಉಳಿದ ಕೆಲಸ ಒಪ್ಪಿಸಿ ಸಾಮಾನು ಕಟ್ಟಿಕೊಂಡು ಹೋಗಲು ಬಂದಿದ್ದರಂತೆ. ಬಡವಾಗಿದ್ದರು, ಒಂದು ಭುಜ ಇಳಿದಿತ್ತು, ಮೂರು ಮೆಟ್ಟಿಲು ಹತ್ತಿ ನಿಂತು ಉಸಿರು ತೆಗೆದುಕೊಂಡರು. ಆದರೆ ಮುಖದಲ್ಲಿ ಬಣ್ಣವಿತ್ತು. ಪಕ್ಕದ ಮನೆಯವರ ಹಾಗೆ ಆಚೆ ನಿಲ್ಲಲಿಲ್ಲ. ಸೀದಾ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ನಾನು ಕಾಫಿ, ಉಳಿದಿದ್ದ ಎಳ್ಳು-ಬೆಲ್ಲ ತಂದಿಟ್ಟೆ. ಅವರಿಗೆ ಸ್ಟೀಲಿನ ಲೋಟ, ಇವರಿಗೆ ಎನಾಮಲ್ ಲೋಟ.

ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ಇಂಟರ್‌ಮೀಡಿಯೆಟ್‌ವರೆಗೆ ಓದಿದವಳು, ಅರ್ಥವಾಗುತ್ತಿತ್ತು.

"ನನಗೆ ಟಿಬಿ" ಎಂದರು ಇವರು. "ನಿಮ್ಮ ಕೆಮ್ಮು ಹೋಯಿತೇ?"

"ಹೋಯಿತು ರಾವ್. ಜೊತೆಗೆ ಒಂದು ಶ್ವಾಸಕೋಶವೂ ಹೋಯಿತು. ಕ್ಯಾನ್ಸರ್."

ಯಾವುದೋ ಬಸ್ ಸ್ಟಾಪಿನ ಹೆಸರು ಹೇಳಿದ ಹಾಗೆ ಹೇಳಿಬಿಟ್ಟರು. ಊರಿಗೆ ಹೋದ ಕೂಡಲೇ ಅವರ ಮನೆಯ ಡಾಕ್ಟರು ಎಕ್ಸ್‌ರೇಗೆ ಕಳಿಸಿದ್ದು, ಗಂಟಲಲ್ಲಿ ಟ್ಯೂಬು ಇಳಿಸಿದ್ದು, ಸರ್ಜನ್ ಮಂಚದ ಅಂಚಿನಲ್ಲಿ ಕೂತು ಹೆಸರು ಹಿಡಿದು ಕಾಯಿಲೆಯನ್ನು ಹೇಳಿದ್ದು, ಆಪರೇಷನ್ನಿನ ಖರ್ಚೆಲ್ಲ ಸರ್ಕಾರವೇ ನೋಡಿಕೊಂಡದ್ದು, ಒಂದೊಂದಾಗಿ ಹೇಳಿದರು. ಬೆನ್ನಿನಿಂದ ಎದೆಯವರೆಗೆ ಬೆರಳಿನಲ್ಲಿ ಗೀಟು ಎಳೆದು ಗಾಯ ಎಲ್ಲಿದೆ ಎಂದು ತೋರಿಸಿದರು.

"ಸಿಗರೇಟಿನಿಂದ ಎನ್ನುತ್ತಾರೆ ರಾವ್. ನಾವಿಬ್ಬರೂ ಅದೆಷ್ಟು ಟಿನ್ನು ಖಾಲಿ ಮಾಡಿದೆವೋ" ಎಂದು ನಕ್ಕರು. ನಗುತ್ತಲೇ ಇವರ ಕತ್ತಿನ ಗಂಟನ್ನು ನೋಡಿದರು. ನಗು ನಿಂತಿತು. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಇವರು ನಮ್ಮಿಬ್ಬರನ್ನೂ ನೋಡಿದರು.

ಗೇಟಿನವರೆಗೆ ಬ್ರೂಕ್ಸ್ ಅವರನ್ನು ಕಳಿಸಲು ಹೋದೆ. ತಮ್ಮ ಸರ್ಜನ್‌ಗೆ ಹೇಳುತ್ತೇನೆ, ಅಲ್ಲಿಗೆ ಕರೆದುಕೊಂಡು ಹೋಗಲು ಏನಾದರೂ ಮಾಡೋಣ ಎಂದರು. ಈಗ ಎಲ್ಲೂ ಆಗುವುದಿಲ್ಲವಂತೆ ಎಂದೆ. ಆ ಮನುಷ್ಯ ಗೇಟು ಹಿಡಿದುಕೊಂಡು ಅತ್ತರು. ನನಗೆ ಕನಿಕರ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ಅವರು ಬದುಕಿ ನಿಂತಿದ್ದಾರಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಒಂದೇ ಮೇಜು, ಒಂದೇ ಟಿನ್ನು, ಒಂದೇ ಕೆಮ್ಮು. ಇವರು ಇಂಜೆಕ್ಷನ್ ಚುಚ್ಚಿಸಿಕೊಂಡು ವಾಸಿಯಾಗಲು ಕಾಯುತ್ತಿದ್ದ ಮಳೆಗಾಲದಲ್ಲೇ ಅವರ ಎದೆಯಿಂದ ಅದನ್ನು ತೆಗೆದು ಬಿಸಾಡಿಯಾಗಿತ್ತು. ಆದರೆ ಅವರೇನು ಮಾಡಿಯಾರು? ಅವರು ಹುಟ್ಟಿದ್ದು ಅಲ್ಲಿ, ಅಷ್ಟೇ. ಇದನ್ನು ನನಗೆ ನಾನು ಈಗ ಹೇಳಿಕೊಳ್ಳುತ್ತೇನೆ. ಅವತ್ತು ಹೇಳಿಕೊಳ್ಳಲು ಆಗಲಿಲ್ಲ.

ಒಳಗೆ ಬಂದೆ. ಇವರು ಗೋಡೆಗೆ ಒರಗಿ ಕೂತಿದ್ದರು.

"ರುಕ್ಕೂ, ನಂಗೂ ಅದೇನಾ?"

ಸುಳ್ಳು ಬಾಯಿಗೆ ಬರಲಿಲ್ಲ. "ಹ್ಞೂಂ" ಎಂದೆ.

"ನಾನೂ ಅಲ್ಲಿದ್ದಿದ್ರೆ?"

"ಬದುಕ್ತಿದ್ರೇನೋ ರೀ."

ತಲೆಯಾಡಿಸಿದರು. ಸಿಟ್ಟಾಗುತ್ತಾರೆ, ಅಳುತ್ತಾರೆ, ಕುಸಿಯುತ್ತಾರೆ ಎಂದು ಕಾದೆ. ಇವರು ಕೇಳಿದ್ದೇ ಬೇರೆ.

"ಅದು ಅಂಟುತ್ತಾ?"

"ಇಲ್ಲ."

"ನಿಮಗೆಲ್ಲ ಯಾವಾಗ ಗೊತ್ತಾಯ್ತು?"

"ದೀಪಾವಳಿ ಆದ್ಮೇಲೆ."

ಕಿಟಕಿಯ ಕಡೆ ನೋಡಿದರು. "ಹಾಗಾದ್ರೆ ಸಂಕ್ರಾಂತಿಗೆ ಮುಂಚೇನೇ" ಎಂದರು. "ಮಗು ಎಳ್ಳು ಕೈಗೇ ಕೊಡಬಹುದಿತ್ತು."

ಅವತ್ತು ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ನನ್ನ ಮೇಲೆ ಅಷ್ಟು ಹೊತ್ತು ಸಿಟ್ಟು ಇಟ್ಟುಕೊಂಡದ್ದು ಅದೊಂದೇ ಸಲ. ದೀಪ ಹಚ್ಚಿದ ಮೇಲೆ ಕರೆದರು. "ನಾಳೆ ಅವಳನ್ನ ಕರ್ಕೊಂಡ್ ಬಾ. ಬಟ್ಟೆ, ಪುಸ್ತಕ ಎಲ್ಲ ತಗೊಂಡು" ಎಂದರು.

ಮಾರನೆಯ ದಿನ ಪುಟ್ಟಿ ಕೋಣೆಯ ಬಾಗಿಲವರೆಗೆ ಬಂದು ನಿಂತುಬಿಟ್ಟಳು. ಬಾ ಎಂದರೂ ಬರಲಿಲ್ಲ. ಇವರು ಎರಡು ಕೈಯನ್ನೂ ಚಾಚಿದರು.

"ಮುಟ್ಟಿದ್ರೆ ನಿಂಗೆ ಜಾಸ್ತಿ ಆಗಲ್ವಾ ಅಪ್ಪ?" ಎಂದಳು.

"ಇಲ್ಲ ಕಂದ. ಅದೆಲ್ಲ ಸುಳ್ಳು."

ಅವಳು ನನ್ನ ಮುಖ ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಆಮೇಲೆ ಓಡಿದಳು.

ಇವರು ಯುಗಾದಿಗೆ ಸ್ವಲ್ಪ ಮುಂಚೆ ಹೋದರು. ಅಲ್ಲಿಯವರೆಗಿನ ದಿನಗಳು ಸುಖದವು ಎಂದು ಹೇಳಲಾರೆ. ನೋವಿತ್ತು, ಉಸಿರಿನ ಒದ್ದಾಟವಿತ್ತು, ಕೊನೆಕೊನೆಗೆ ಮಲಗಲೂ ಆಗದೆ ಕೂತೇ ಇರುತ್ತಿದ್ದರು. ಆದರೂ ಸ್ಕೂಲಿನಿಂದ ಬಂದ ಮಗಳನ್ನು ಪಕ್ಕ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದರು. ತಮಗೆ ಊಟ ಇಳಿಯದಿದ್ದರೂ ಅವಳ ನೆಪದಲ್ಲಿ ಒಂದೆರಡು ತುತ್ತು ತಿನ್ನುತ್ತಿದ್ದರು. ಪೆಟ್ಟಿಗೆಯಿಂದ ತಮ್ಮ ಮೈಕ್ರೋಮೀಟರ್ ತೆಗೆಸಿ, ತಲೆಗೂದಲು, ಸೇವಂತಿಗೆ ಎಸಳು, ನನ್ನ ಚಪಾತಿ ಎಲ್ಲವನ್ನೂ ಅಳೆಯುವುದನ್ನು ಅವಳಿಗೆ ಕಲಿಸಿದರು. ನನ್ನ ಚಪಾತಿ ಒಂದೊಂದು ಕಡೆ ಒಂದೊಂದು ದಪ್ಪ ಇದೆ, ಇದು ಪಾಸಾಗೋದಿಲ್ಲ ಎಂದು ಅಪ್ಪ ಮಗಳು ಸೇರಿ ತೀರ್ಪು ಕೊಟ್ಟರು. ಆ ಕೋಣೆಯಿಂದ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಬ್ರೂಕ್ಸ್ ಬರದೇ ಇದ್ದಿದ್ದರೆ? ಇವರು ಟಿಬಿಯವರಾಗಿಯೇ, ಗೇಟಿನ ಕಡೆ ನೋಡುತ್ತಲೇ ಹೋಗುತ್ತಿದ್ದರು. ಅವರಿಗೆ ಸಿಕ್ಕ ಆಪರೇಷನ್ ನಮಗೆ ಸಿಗಲಿಲ್ಲ. ಅವರ ಊರಿನಲ್ಲಿ ಅವರಿಗೆ ಹೇಳಿದ ನಿಜದಲ್ಲಿ ಒಂದು ಪಾಲು ಮಾತ್ರ, ತಡವಾಗಿ, ನಮ್ಮ ಮನೆಗೂ ಬಂತು. ಅದಕ್ಕಾದರೂ ಋಣಿಯಾಗಿರಬೇಕು ಎಂದು ಈಚೆಗೆ ಅನ್ನಿಸುತ್ತಿದೆ.

ಕರ್ಮವೆಲ್ಲ ಮುಗಿದ ಮೇಲೆ ನನ್ನ ತಾಯಿ ಮನೆ ತೊಳೆಸಿದರು. ಹಾಸಿಗೆಯನ್ನು ಯಾರಿಗೋ ಕೊಟ್ಟರು. ಎನಾಮಲ್ ತಟ್ಟೆಯನ್ನು ಹಿತ್ತಲಲ್ಲಿ ಎತ್ತಿಟ್ಟು, "ಇದನ್ನ ಎಸೆದ್ಬಿಡೇ, ರೋಗದ ತಟ್ಟೆ" ಎಂದರು. ಪುಟ್ಟಿ ಕೇಳಿಸಿಕೊಂಡಳು. ತಟ್ಟೆ ತೆಗೆದುಕೊಂಡು ಬಂದು, ಅಡುಗೆಮನೆಯಲ್ಲಿ ಉಳಿದ ತಟ್ಟೆಗಳ ನಡುವೆ ಸಿಕ್ಕಿಸಿಟ್ಟಳು.

ಇವತ್ತು ಮಧ್ಯಾಹ್ನ ಅದರಲ್ಲೇ ಊಟಕ್ಕೆ ಕೂತಳು. ನನ್ನ ತಾಯಿ ಏನೋ ಹೇಳಹೊರಟವರು ನನ್ನ ಮುಖ ನೋಡಿ ಹುಳಿಯ ಪಾತ್ರೆ ಇತ್ತ ಸರಿಸಿದರು. ಹುಳಿಯನ್ನ ಕಲಸಿಕೊಟ್ಟೆ. ಮುಗಿಸಿ, ಇನ್ನೂ ಸ್ವಲ್ಪ ಹಾಕು ಎಂದಳು.

ಹಾಕಿದೆ.